ಬೋರ್ಡಿಲ್ಲದ ಮೀಟಿಂಗ್

ಕಲಬುರಗಿಯಲ್ಲಿ ಬಾರ್ ಎಲ್ಲಿದೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಸೂಪರ್ ಮಾರ್ಕೆಟ್ ಕಡೆಯಿಂದ ಬಸ್ ಸ್ಟ್ಯಾಂಡಿನ ಕಡೆಗೆ ನಡೆಯಿರಿ ಸಾಕು, ಬೋರ್ಡುಗಳೇ ಕರೆಯುತ್ತವೆ. ಕುಡಿತ ಬಿಡಿಸುವವರಿಗೂ ಕೊರತೆಯಿಲ್ಲ. ಕಾಂಪೌಂಡ್ ಗೋಡೆ, ಲೈಟ್ ಕಂಬ ಎಲ್ಲಾ ಕಡೆ ಒಂದೇ ಮಾತು: ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸುತ್ತೇವೆ, ಕೆಳಗೊಂದು ಮೊಬೈಲ್ ನಂಬರ್. ಆದರೆ ಕುಡಿತ ಬಿಟ್ಟವರೇ ಒಟ್ಟಿಗೆ ಕೂತು ಮಾತಾಡುವ ಮೀಟಿಂಗ್ ಎಲ್ಲಿ ನಡೆಯುತ್ತದೆ ಅಂತ ಕೇಳಿ ನೋಡಿ. ಕೇಳಿದವರ ಮುಖ ನೋಡ್ತಾರೆ ಅಷ್ಟೆ.

ನಾನು ಕುಡಿಯುತ್ತಿದ್ದಾಗ ಆ ಗೋಡೆ ನಂಬರಿನವರು ಮಾರುವ ಪುಡಿ ನನ್ನ ಸಾರಿಗೂ ಬಿದ್ದಿತ್ತು ಅಂತ ಆಮೇಲೆ ಗೊತ್ತಾಯಿತು. ಅವ್ವನ ಮೇಲೆ ಸಿಟ್ಟಿಲ್ಲ, ಅವಳಿಗೆ ಬೇರೆ ದಾರಿ ಯಾರು ಹೇಳಿದ್ದರು? ಆದರೆ ಪೊಟ್ಟಣದ ಮೇಲೆ ಒಳಗೇನಿದೆ ಅಂತ ಬರೆದಿರಲಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅಂತ ಒಂದು ಔಷಧಿ ನಿಜವಾಗಿಯೂ ಇದೆ. ಡಾಕ್ಟರು ಪರೀಕ್ಷೆ ಮಾಡಿ, ಕುಡಿಯುವವನಿಗೇ ತಿಳಿಸಿ, ಅವನು ಒಪ್ಪಿದರೆ ಕೊಡುವ ಔಷಧಿ ಅದು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಿಪಿ ಬೀಳುತ್ತದೆ, ಹಾರ್ಟ್ ತೊಂದರೆ ಇದ್ದವರಾದರೆ ಜೀವಕ್ಕೇ ಬರಬಹುದು. ಅಂಥದ್ದನ್ನು ಯಾರಿಗೂ ಗೊತ್ತಾಗದ ಹಾಗೆ ಸಾರಿನಲ್ಲಿ ಕಲೆಸುವುದು ಅಂದರೆ ಏನು ಅಂತ ನೀವೇ ಯೋಚನೆ ಮಾಡಿ.

ಮೀಟಿಂಗಿಗೆ ಬೋರ್ಡಿಲ್ಲ, ಗೋಡೆ ಬರಹ ಇಲ್ಲ. ಬೇಕಂತಲೇ ಹಾಗೆ. ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ಎಎ, 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರಿಂದ ಶುರುವಾಯಿತು. ಒಬ್ಬ ಷೇರು ವ್ಯವಹಾರದವನು, ಇನ್ನೊಬ್ಬ ಸರ್ಜನ್. ಭಾರತಕ್ಕೆ ಬಂದದ್ದು 1957ರಲ್ಲಿ, ಮುಂಬೈಗೆ. ಫೀಸಿಲ್ಲ, ರಿಜಿಸ್ಟರಿಲ್ಲ, ಅಡ್ರೆಸ್ ಪ್ರೂಫ್ ಕೇಳುವುದಿಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ನಮ್ಮನ್ನು ಸೇರಿ ಅಂತ ಪ್ರಚಾರ ಮಾಡಬಾರದು ಅನ್ನುವುದು ಅವರ ಕಟ್ಟಳೆ. ಹಾಗಾಗಿ ಕೂಗುವ ಗೋಡೆ ಪುಡಿ ಮಾರುತ್ತದೆ, ಸುಮ್ಮನಿರುವ ಕೋಣೆಯನ್ನು ನಾವೇ ಹುಡುಕಿಕೊಂಡು ಹೋಗಬೇಕು.

ಹೇಗೆ? ಮೊದಲು ಡಾಕ್ಟರ ಹತ್ತಿರ ಹೋಗಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಬೆವರಿ, ಒಂದೆರಡು ದಿನದಲ್ಲೇ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಇಲ್ಲದ್ದು ಕಾಣಿಸಿ, ದಿಕ್ಕು ತಪ್ಪಿ ಮಾತಾಡುವ ಸ್ಥಿತಿಯೂ ಬರುತ್ತದೆ, ಅದು ಪ್ರಾಣಕ್ಕೆ ಅಪಾಯ. ಕಲಬುರಗಿಯವರಿಗೆ ಜಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಬೀದರಿನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್. ಅಲ್ಲಿ ಮಾನಸಿಕ ರೋಗ ವಿಭಾಗದ ಓಪಿಡಿಗೆ ಹೋಗಿ, ಚೀಟಿ ಮಾಡಿಸುವಾಗ ನಾಚಿಕೊಳ್ಳಬೇಡಿ, ಡಾಕ್ಟರನ್ನೋ ಕೌನ್ಸೆಲರನ್ನೋ ನೇರವಾಗಿ ಕೇಳಿ: ಇಲ್ಲಿ ಎಎ ಗ್ರೂಪ್ ಇದೆಯಾ, ಹೋಗುವವರ ನಂಬರ್ ಸಿಗುತ್ತದಾ? ನನಗೆ ದಾರಿ ಸಿಕ್ಕಿದ್ದು ಹಾಗೆ. ಆಸ್ಪತ್ರೆ ಮೆಟ್ಟಿಲು ಹತ್ತಲು ಇನ್ನೂ ಧೈರ್ಯ ಬಾರದಿದ್ದರೆ ಟೆಲಿ ಮಾನಸ್ ಅನ್ನುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಚಟ ಬಿಡಿಸುವುದಕ್ಕೇ ಇರುವ ಸರ್ಕಾರಿ ನಂಬರ್ 14446. ಎಎಯ ಆನ್‌ಲೈನ್ ಮೀಟಿಂಗುಗಳೂ ಇವೆ, ವಿಡಿಯೋ ಆಫ್ ಮಾಡಿ ಮೂಲೆಯಲ್ಲಿ ಕೂತು ಕೇಳಿಸಿಕೊಂಡರೂ ನಡೆಯುತ್ತದೆ.

ಗುಡಿಯಲ್ಲಿ ಆಣೆ ಮಾಡಿಸಿದ್ದಾಗಿದೆ, ಇನ್ನು ಇದೆಲ್ಲ ಯಾಕೆ ಅನ್ನುವವರು ಇದ್ದಾರೆ. ಶರಣಬಸವೇಶ್ವರ ಅಪ್ಪನ ಗುಡಿ ಮುಂದೆ ನಾನೂ ಆಣೆ ಮಾಡಿದವನೇ. ಶ್ರಾವಣ ಪೂರ್ತಿ ಬಿಟ್ಟು ಭಾದ್ರಪದದಲ್ಲಿ ಬಡ್ಡಿ ಸಮೇತ ಕುಡಿಯುವವರು ನಮ್ಮಲ್ಲಿ ಎಷ್ಟು ಮಂದಿ ಅಂತ ನಿಮಗೇ ಗೊತ್ತು. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗಿ, ನಿಮ್ಮ ಚಟವನ್ನೇ ಭಿಕ್ಷೆ ಹಾಕಿ ಅಂತ ಕೇಳಿದರು. ಅದು ದೊಡ್ಡ ಕೆಲಸ. ಆದರೆ ಜೋಳಿಗೆಗೆ ಹಾಕಿದ ಮರುದಿನ ಸಂಜೆ ಏಳು ಗಂಟೆಗೆ ಮೈ ಕೇಳುತ್ತದಲ್ಲ, ಆಗ ಯಾರಿಗೆ ಫೋನ್ ಮಾಡುವುದು? ನನಗೆ ಮೀಟಿಂಗ್ ಬೇಕಾಗಿದ್ದು ಆ ಏಳು ಗಂಟೆಗೆ.

ಗುರುತಿನವರು ಸಿಕ್ಕರೆ ಅನ್ನುವ ಭಯ ನನಗೂ ಇತ್ತು. ಕಲಬುರಗಿ ದೊಡ್ಡ ಊರು ಅಂತಾರೆ, ಆದರೆ ಎಲ್ಲರಿಗೂ ಎಲ್ಲರ ಮಾವ ಗೊತ್ತು. ಅಲ್ಲ, ಸಿಕ್ಕವನೂ ಅದಕ್ಕೇ ಬಂದಿರೋದು ಅಲ್ವಾ? ಬಾಗಿಲಲ್ಲಿ ನಿಂತಿದ್ದವನನ್ನು ಒಬ್ಬ ಹಿರಿಯರು "ಯಾಕ ನಿಂತೀರಿ, ಒಳಗ ಬರ್ರಿ, ಚಾ ತಗೋರಿ" ಅಂದರು. ಹೆಸರು ಬಿಟ್ಟು ಬೇರೇನೂ ಕೇಳಲಿಲ್ಲ. ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಾನು ಮಾತಾಡದೆ ಎದ್ದು ಬಂದೆ, ಯಾರೂ ಬೇಜಾರಾಗಲಿಲ್ಲ. ಸೋಪಿನ ನೀರಲ್ಲಿ ಬಾಯಿ ತೊಳೆದು ಮನೆಗೆ ಹೋಗುತ್ತಿದ್ದೆ ಅಂತ ಒಬ್ಬ ಹೇಳಿದ. ಅಂಥದ್ದು ನಾನೊಬ್ಬನೇ ಮಾಡುತ್ತಿದ್ದೆ ಅಂದುಕೊಂಡಿದ್ದೆ.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆಯೇ ಕೂಟ ಇದೆ, ಕುಡಿಯುವವನು ಬಿಡಲಿ ಬಿಡದಿರಲಿ ಅವರು ಹೋಗಬಹುದು. ನನ್ನ ಹೆಂಡತಿ ಆನ್‌ಲೈನಿನಲ್ಲಿ ಹೋಗುತ್ತಾಳೆ. ಅಲ್ಲಿ ಏನು ಹೇಳುತ್ತಾಳೆ ಅಂತ ನಾನು ಕೇಳುವ ಹಾಗಿಲ್ಲ!

ಚಿಂಚೋಳಿ, ಸುರಪುರ, ಔರಾದ್ ಕಡೆಯವರು ನಮ್ಮೂರಲ್ಲಿ ಯಾವ ಗ್ರೂಪೂ ಇಲ್ಲವಲ್ಲ ಅನ್ನುತ್ತಾರೆ. ಕುಡಿತ ಬಿಡಬೇಕು ಅಂತ ಇಬ್ಬರು ಮೂವರು ಕೂತರೂ ಅದನ್ನು ಗ್ರೂಪ್ ಅನ್ನಬಹುದು, ಎಎ ಹೇಳುವುದೇ ಹಾಗೆ. ಹತ್ತಿರದ ಹಳೇ ಗ್ರೂಪಿನವರಿಗೆ ಫೋನ್ ಮಾಡಿದರೆ ಶುರುವಿಗೆ ಒಬ್ಬರು ಬಂದು ಕೂರಬಹುದು. ಜಾಗಕ್ಕೆ ಶಾಲೆಯ ಹೆಡ್‌ಮಾಸ್ಟರನ್ನು ಕೇಳಿ, ಭಾನುವಾರ ಕೋಣೆಗಳು ಖಾಲಿ ಇರುತ್ತವೆ.