ಒಂದೇ ವರ್ಷ ಹುಟ್ಟಿದ ಇಬ್ಬರು

ಪಕ್ಕದ ಮನೆ ಅಜ್ಜಿ ಹೋದ ತಿಂಗಳು ಅಡುಗೆಮನೆಯಲ್ಲಿ ಜಾರಿ ಬಿದ್ದರು. ಒಂಟಿ ಜೀವ. ಗೋಡೆ ತಟ್ಟಿದ ಸದ್ದಿಗೆ ಓಡಿದೆ, ಬೀಗದ ಕೈ ನಮ್ಮನೆಯಲ್ಲೂ ಒಂದಿತ್ತು. ಇಲ್ಲಿ ಇಂಗ್ಲೆಂಡಿನಲ್ಲಿ ಆಂಬುಲೆನ್ಸಿಗೆ ಕರೆಯೋ ನಂಬರ್ 999. ಅದಕ್ಕೆ ಫೋನ್ ಮಾಡಿದರೆ, ಎಬ್ಬಿಸಬೇಡಿ, ನೀರೂ ಕೊಡಬೇಡಿ, ಬರ್ತೀವಿ ಅಂದರು. ಬಂದಿದ್ದು ಐದು ಗಂಟೆ ಆದ ಮೇಲೆ. ಅಷ್ಟು ಹೊತ್ತೂ ಅವರ ತಲೆಗೊಂದು ದಿಂಬು ಕೊಟ್ಟು, ರಗ್ಗು ಹೊದಿಸಿ, ಆ ತಣ್ಣನೆ ಟೈಲ್ಸ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ನಿನ್ನ ಭಾನುವಾರ ಹಾಳು ಮಾಡಿದೆ ಅಂತ ಅವರು ಕ್ಷಮೆ ಕೇಳೋದು ಬೇರೆ!

ಎಮರ್ಜೆನ್ಸಿಗೆ ಬಂದವರಲ್ಲಿ ನೂರಕ್ಕೆ 95 ಜನರನ್ನಾದರೂ 4 ಗಂಟೆಯೊಳಗೆ ನೋಡಿ ವಾರ್ಡಿಗೋ ಮನೆಗೋ ಕಳಿಸಬೇಕು ಅನ್ನೋದು ಇಲ್ಲಿನ ಲೆಕ್ಕ. 2015ರ ಜುಲೈ ಆದಮೇಲೆ ಇಂಗ್ಲೆಂಡಿನಲ್ಲಿ ಒಂದು ತಿಂಗಳೂ ಆ ಲೆಕ್ಕ ಮುಟ್ಟಿಲ್ಲ. ಅಜ್ಜಿ ಇಡೀ ರಾತ್ರಿ ಕಾರಿಡಾರಿನ ಟ್ರಾಲಿ ಮೇಲಿದ್ದರು, ಕೈ ತೊಳೆಯೋ ಸಿಂಕಿನ ಪಕ್ಕ. ಗೋಡೆಗೆ 7 ಅಂತ ಬರೆದ ಕಾಗದ ಅಂಟಿಸಿದ್ದರು. ಅಂದರೆ ಓಡಾಡೋ ಜಾಗಕ್ಕೂ ಬೆಡ್ ನಂಬರ್ ಬಂದುಬಿಟ್ಟಿದೆ. ನನಗೆ ಸಿಟ್ಟು ಬಂದು ಎನ್‌ಎಚ್‌ಎಸ್ಸಿಗೆ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ, ಏನೋ ಅಂದೆ. ಅಜ್ಜಿ ನಕ್ಕರು. "ಎನ್‌ಎಚ್‌ಎಸ್ಸೂ ನಾನೂ 1948ರಲ್ಲೇ ಹುಟ್ಟಿದವರು. ಈಗ ಇಬ್ಬರದೂ ಸೊಂಟ ಮುರಿದಿದೆ. ಬೈಬೇಡ ಪಾಪ."

ಎನ್‌ಎಚ್‌ಎಸ್ ಬರೋಕೆ ಮೊದಲು ಅವರಮ್ಮ ಡಾಕ್ಟರ್ ಫೀಸಿಗೆ ಅಂತ ಟೀ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡ್ತಿದ್ದರಂತೆ.

ಆಪರೇಷನ್ ಚೆನ್ನಾಗೇ ಆಯ್ತು. ಒಂದು ಪೌಂಡೂ ಕೇಳಲಿಲ್ಲ. ಇನ್ನು ಮನೆಗೆ ಹೋಗಬಹುದು ಅಂದರು ಡಾಕ್ಟರು. ಆದರೆ ಮನೆಯಲ್ಲಿ ಸ್ನಾನ ಮಾಡಿಸೋಕೆ, ಎಬ್ಬಿಸೋಕೆ ಇಲ್ಲಿನ ನಗರಸಭೆ, ಅಂದರೆ ಕೌನ್ಸಿಲ್ ಕಡೆಯಿಂದ ಒಬ್ಬರು ಸಿಗೋವರೆಗೆ ಹನ್ನೊಂದು ದಿನ ಅಲ್ಲೇ ಮಲಗಿದ್ದರು. ಆಗ ನನಗೆ ಹೊಳೆದಿದ್ದು: ಮೇಲೆ ವಾರ್ಡಿನಲ್ಲಿ ಇವರಂಥವರು ಮನೆಗೆ ಹೋಗೋಕಾಗದೆ ಉಳಿದಿರೋದಕ್ಕೇ ಕೆಳಗೆ ಇನ್ಯಾರೋ ಸಿಂಕಿನ ಪಕ್ಕ ಮಲಗಿದ್ದಾರೆ. ಅಜ್ಜಿಗೂ ಗೊತ್ತಿತ್ತು. "ಈಗ ನಂಬರ್ 7ರವರ ಹಾಸಿಗೆ ನಾನೇ ಹಿಡ್ಕೊಂಡಿದೀನಿ" ಅಂದರು. ಈ ಸಲ ನಗಲಿಲ್ಲ.

ಮಂಡ್ಯದಲ್ಲಿ ಅಪ್ಪನಿಗೆ ಡಿಸ್ಚಾರ್ಜ್ ಆದ ದಿನ ನೆನಪಾಯ್ತು. ಒಂದು ನರ್ಸಿಂಗ್ ಹೋಂ, ಹೆಸರು ಬೇಡ. ಅಡ್ಮಿಟ್ ಮಾಡುವಾಗ ಮೊದಲು ಅಡ್ವಾನ್ಸ್ ಕಟ್ಟಿ ಅಂದಿದ್ದರು, ಆಮೇಲೇ ಸ್ಟ್ರೆಚರ್. ಡಿಸ್ಚಾರ್ಜ್ ಅಂತ ಬೆಳಿಗ್ಗೆ ಹೇಳಿದವರು ಸಂಜೆವರೆಗೂ ಬಿಡಲಿಲ್ಲ, ಬಿಲ್ಲಿಗೆ ಮೂವತ್ತು ಸಾವಿರ ಕಮ್ಮಿ ಬಿದ್ದಿತ್ತು. ಚಿಕ್ಕಪ್ಪ ಆಲೆಮನೆ ಯಜಮಾನರ ಹತ್ತಿರ ಸಾಲ ತಂದರು. ಬೆಲ್ಲದ ಅಂಟು ಹತ್ತಿದ್ದ ನೋಟುಗಳನ್ನ ಕೌಂಟರಿನ ಹುಡುಗಿ ಒಂದೊಂದಾಗಿ ಬಿಡಿಸಿ ಎಣಿಸಿದಳು. ಅದನ್ನ ನಾನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ. ಆದರೆ ಆ ಆರು ದಿನವೂ ಅಪ್ಪನ ಮಂಚದ ಕೆಳಗೆ ಚಾಪೆ ಹಾಸಿ ಯಾರಾದರೂ ಒಬ್ಬರು ಮಲಗಿರ್ತಿದ್ದರು. ಊರಿಂದ ಮುದ್ದೆ, ಉಪ್ಸಾರು ಕ್ಯಾರಿಯರ್ ಮಧ್ಯಾಹ್ನದ ಬಸ್ಸಿಗೆ ಬರ್ತಿತ್ತು. ಎಷ್ಟೋ ಸಲ ಪಕ್ಕದ ಬೆಡ್ಡಿನವರಿಗೂ ಸೇರಿಸಿ.

ಅಮ್ಮನಿಗೆ ಫೋನಿನಲ್ಲಿ ಇದೆಲ್ಲ ಹೇಳಿದೆ. ದುಡ್ಡೇ ತಗೊಳ್ಳಲಿಲ್ವಾ ಅಂತ ಮೂರು ಸಲ ಕೇಳಿದಳು, ನಂಬಿಕೆ ಬರಲಿಲ್ಲ. ಆಮೇಲೆ, "ಅದಿರ್ಲಿ ಕಣಪ್ಪ, ರಾತ್ರಿ ಆಯಮ್ಮನ ಜೊತೆಗೆ ಯಾರಿದ್ರು?"

"ನರ್ಸ್ ಇದ್ರಮ್ಮ."

"ನರ್ಸು ಎಲ್ಲಾರ್ಗೂ ಇರ್ತಾರೆ. ಜೊತೆಗೆ ಯಾರಿದ್ರು ಅಂದೆ."