ಗಿಡ ಎತ್ತರ ಆದಮೇಲೆ ಕುರಿ ಬಿಟ್ಟೆವು

ಜಗಳೂರು ತಾಲ್ಲೂಕಿನ ನಮ್ಮ ಗುಡ್ಡದಂಚಿನ ಹೊಲವನ್ನು ಅಪ್ಪ ಉಳುವುದು ಬಿಟ್ಟು ಸುಮಾರು ವರ್ಷ ಆಯ್ತು. ಮಣ್ಣು ತೆಳು. ಶೇಂಗಾ ಹಾಕಿದರೆ ಬೀಜದ ದುಡ್ಡೂ ಹುಟ್ಟುತ್ತಿರಲಿಲ್ಲ. ಸುತ್ತ ಮುಳ್ಳಿನ ಬೇಲಿ ಹಾಕಿ ಸುಮ್ನೆ ಬಿಟ್ಟೆವು. ಬದುವಿನಲ್ಲಿ, ಕಲ್ಲಿನ ಸಂದಿಯಲ್ಲಿ ಉಳಿದಿದ್ದ ಬುಡಗಳಿಂದ ತುಗ್ಗಲಿ, ದಿಂಡಿಗ, ಕಮರ ಎಂಬ ಕಾಡುಮರಗಳು ತಾವಾಗೇ ಚಿಗುರಿದವು. ಒಂದೂ ಸಸಿ ನೆಟ್ಟಿಲ್ಲ.

ಈ ಸಲ ದೀಪಾವಳಿ ಕಳೆದು, ಹುಲ್ಲು ಬೀಜ ಉದುರಿಸಿದ ಮೇಲೆ ಪಕ್ಕದ ಹಟ್ಟಿಯ ಅಜ್ಜನ ಕುರಿಗಳನ್ನು ಒಳಗೆ ಬಿಟ್ಟೆವು. ಬೆಂಗಳೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗನಿಗೆ ಇದು ಹಿಡಿಸಲಿಲ್ಲ. "ಕಾಡು ಇಂಗಾಲ ಹಿಡಿದಿಡಲಿ ಅಂತ ಬೆಳೆಸ್ತೀರ, ಕುರಿ ಯಾಕಣ್ಣ?" ಅಂದ. ನ್ಯಾಯವಾದ ಪ್ರಶ್ನೆಯೇ. ಒಣಗಿದ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ. ಗಿಡ ಗಾಳಿಯಿಂದ ಸುಮಾರು 3.67 ಟನ್ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡರೆ 1 ಟನ್ ಇಂಗಾಲ ಉಳಿಯುತ್ತದೆ. ಕುರಿ ತೇಗಿದರೆ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಬರುತ್ತದೆ, ಅದನ್ನೂ ಲೆಕ್ಕದಿಂದ ಬಿಡುವ ಹಾಗಿಲ್ಲ.

ಆದರೆ ಮೊಣಕಾಲುದ್ದದ ಒಣಹುಲ್ಲು ಹಾಗೇ ನಿಂತರೆ ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು, ಎಳೆಯ ಗಿಡಗಳೆಲ್ಲ ಸುಟ್ಟುಹೋಗುತ್ತವೆ. ನಮ್ಮ ಕಡೆ ಗುಡ್ಡಕ್ಕೆ ಬೆಂಕಿ ಬಿದ್ದದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುರಿ ಆ ಹುಲ್ಲನ್ನು ಇಳಿಸುತ್ತದೆ, ಹಿಕ್ಕೆಯಾಗಿ ಮಣ್ಣಿಗೆ ಕೊಡುತ್ತದೆ.

"ಕುರಿ ನೆಲ ನೋಡ್ತೈತೆ ತಮ್ಮಾ, ಮೇಕೆ ಮೇಲೆ ನೋಡ್ತೈತೆ" ಅಂದ ಅಜ್ಜ, ತನ್ನ ಮೇಕೆಗಳನ್ನು ಬೇಲಿಯಾಚೆಯೇ ನಿಲ್ಲಿಸಿದ್ದ. ಮೇಕೆ ಹಿಂಗಾಲ ಮೇಲೆ ನಿಂತು ತುದಿ ಚಿಗುರನ್ನೇ ಕಚ್ಚುತ್ತದೆ. ವರ್ಷವರ್ಷ ಹಾಗಾದರೆ ಕಮರ ಪೊದೆಯಾಗಿಯೇ ಉಳಿಯುತ್ತದೆ, ಮರ ಆಗುವುದಿಲ್ಲ.

ನಾನು ಒಂದು ಕಮರದ ಗಿಡದ ಹತ್ತಿರ ಕೂತು ನೋಡಿದೆ. ಅದರ ಎಲೆ ಕುರಿಯ ಗೊರಸಿನ ಹಾಗೆ ಎರಡು ಸೀಳು. ಟಗರೊಂದು ಕೆಳಗಿನ ಕೊಂಬೆಯ ಎಲೆ ಎರಡು ಸಲ ಕಿತ್ತು, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ತುದಿ ಅದಕ್ಕೆ ಎಟುಕಲೇ ಇಲ್ಲ. ನನಗೆ ಎಷ್ಟು ಖುಷಿಯಾಯ್ತು!

ಹಿಕ್ಕೆಯ ಜೊತೆ ಬಳ್ಳಾರಿ ಜಾಲಿಯ ಬೀಜವೂ ಬರುತ್ತದೆ, ಅದೊಂದು ತಲೆನೋವು. ಮಳೆ ಬಿದ್ದ ಕೂಡಲೇ ಸಸಿಗಳನ್ನು ಕೀಳಬೇಕು. ಮಳೆಗಾಲ ಪೂರ್ತಿ ಒಳಗೆ ಕುರಿ ಇಲ್ಲ ಅಂತ ಅಜ್ಜನೂ ಅಪ್ಪನೂ ಮಾತಾಡಿಕೊಂಡಿದ್ದಾರೆ. ಮೇಲಿನ ಮೂಲೆಯಲ್ಲಿ ದಿಂಡಿಗ ಇನ್ನೂ ಸೊಂಟದೆತ್ತರ. ಅಲ್ಲಿಗೆ ಮುಂದಿನ ವರ್ಷವೂ ಬಿಡುವುದಿಲ್ಲ.