ಸೆನ್ಸರ್ ಬಾಯಿಗೆ ಹೋಗುವುದು ಕೊನೆಗೆ

ಹೋದ ಮಳೆಗಾಲದ ಒಂದು ಸಂಜೆ. ಬನವಾಸಿ ಕಡೆಯಿಂದ ಒಬ್ಬರು ಅಜ್ಜಿ ಬಂದಿದ್ದರು. ಕೆಳಗಿನ ದವಡೆ ಹಲ್ಲು ನೋವು, ಮೂರು ದಿನದಿಂದ ಗಂಜಿ ಬಿಟ್ಟು ಬೇರೇನೂ ತಿಂದಿರಲಿಲ್ಲ. ನಾನು ಶಿರಸಿಯ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಅಸಿಸ್ಟೆಂಟ್, ಈ ಕೆಲಸಕ್ಕೆ ಬಂದು 11 ವರ್ಷ ಆಯಿತು. ಎಕ್ಸ್‌ರೇ ತೆಗೆಯಲು ಕೂರಿಸಿದೆ. ಮೊದಲ ಸಲ ಚಿತ್ರದಲ್ಲಿ ಹಲ್ಲಿನ ಬೇರಿನ ತುದಿ ಬರಲಿಲ್ಲ. ಎರಡನೇ ಸಲ ವಾಕರಿಕೆ ಬಂದು ಅವರು ಅಲ್ಲಾಡಿಬಿಟ್ಟರು. ಮೂರನೇ ಸಲ ಎಲ್ಲ ಸರಿಯಾಗಿತ್ತು, ಬಟನ್ ಒತ್ತುವ ಹೊತ್ತಿಗೆ ಕರೆಂಟು ಹೋಯಿತು. "ಎಂತ ತಂಗೀ, ಮತ್ತೂ ಒಂದಾ?" ಅಂತ ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ನಾಲ್ಕನೆಯದು ಬಂತು. ಅಷ್ಟರಲ್ಲಿ ಅವರ ಬಸ್ಸು ಹೋಗಿಯಾಗಿತ್ತು. ಮಳೆಯಲ್ಲಿ ಮಗ ಬೈಕ್ ತಂದು ಕರೆದುಕೊಂಡು ಹೋದ. ಅವತ್ತು ರಾತ್ರಿ ನನಗೆ ಭುಜ ಎತ್ತಲು ಆಗಲಿಲ್ಲ, ಜೊತೆಗೆ ಆ ಅಜ್ಜಿಯ ಮುಖ ಕಣ್ಣ ಮುಂದಿನಿಂದ ಹೋಗಲೇ ಇಲ್ಲ.

ಮರುದಿನ ನಮ್ಮ ಡಾಕ್ಟರ್ ಮೇಡಂ ಹತ್ತಿರ ಹೇಳಿದೆ. ಅವರು ಬೈಯಲಿಲ್ಲ. ಒಂದು ಹಳೇ ನೋಟ್‌ಬುಕ್ ತಂದು ಎಕ್ಸ್‌ರೇ ಮೆಷಿನ್ ಪಕ್ಕ ದಾರ ಕಟ್ಟಿ ನೇತುಹಾಕಿದರು. ಎರಡನೇ ಸಲ ತೆಗೆಯಬೇಕಾದಾಗಲೆಲ್ಲ ಯಾಕೆ ಅಂತ ಒಂದು ಸಾಲು ಬರೆಯಬೇಕು, ಯಾರು ತೆಗೆದದ್ದು ಅಂತ ಬರೆಯಬಾರದು. ಆ ಹೆಸರು ಬರೆಯದ ನಿಯಮದಿಂದಲೇ ನಾವು ಮೂವರೂ ನಿಜ ಬರೆದೆವು. ಮೊದಲ ವಾರವೇ ಒಂದು ಪುಟ ತುಂಬಿತು.

ಇಲ್ಲಿ ಒಂದು ಹಳೇ ಮಾತು ಹೇಳಬೇಕು. ನಾನು ಸೇರಿದಾಗ ಫಿಲ್ಮ್ ಇತ್ತು. ಕತ್ತಲೆ ಕೋಣೆ, ಕೆಂಪು ಬಲ್ಬು, ಡೆವಲಪರ್, ನೀರು, ಫಿಕ್ಸರ್. ಸಂಜೆ ಮನೆಗೆ ಹೋದರೂ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ಒಂದು ತಪ್ಪಾದರೆ ಮತ್ತೆ ಅಷ್ಟೂ ಕೆಲಸ, ಹಾಗಾಗಿ ಮೊದಲೇ ಹುಷಾರಾಗಿ ಇಡುತ್ತಿದ್ದೆವು. ಆಮೇಲೆ ಆರ್‌ವಿಜಿ ಬಂತು, ಅಂದರೆ ಫಿಲ್ಮ್ ಬದಲು ವೈರ್ ಇರುವ ಸೆನ್ಸರನ್ನು ಬಾಯೊಳಗೆ ಇಟ್ಟು ಕಂಪ್ಯೂಟರಿನಲ್ಲಿ ಚಿತ್ರ ನೋಡುವ ಎಕ್ಸ್‌ರೇ. ಫ್ರಾನ್ಸಿನ ದಂತವೈದ್ಯ ಫ್ರಾನ್ಸಿಸ್ ಮೂಯಾಂ ಇದನ್ನು ಕಂಡುಹಿಡಿದದ್ದು 1980ರ ದಶಕದಲ್ಲಿ, ನಮ್ಮೂರಿಗೆ ಬರಲು ತುಂಬಾ ವರ್ಷ ಬೇಕಾಯಿತು. ಚಿತ್ರ ತಕ್ಷಣ ಪರದೆ ಮೇಲೆ ಕಾಣುತ್ತದೆ. ಅಷ್ಟು ಸಲೀಸಾಗಿದ್ದೇ ತೊಂದರೆಯಾಯಿತು ನೋಡಿ. ಸರಿ ಬರಲಿಲ್ವಾ, ಇನ್ನೊಂದು ತೆಗೆದರಾಯಿತು ಅನ್ನುವ ಅಭ್ಯಾಸ ನಮಗೆ ಗೊತ್ತಿಲ್ಲದೆ ಬೆಳೆದುಬಿಟ್ಟಿತ್ತು. ನಮಗದು ಒಂದು ಕ್ಲಿಕ್. ಬಾಯಿ ತೆರೆದು ಕೂತವರಿಗೆ, ಆ ಗಟ್ಟಿ ಸೆನ್ಸರಿನ ಮೂಲೆ ನಾಲಿಗೆ ಕೆಳಗಿನ ಮೆತ್ತನೆ ಜಾಗಕ್ಕೆ ಮತ್ತೊಂದು ಸಲ ಚುಚ್ಚುವುದು.

ನೋಟ್‌ಬುಕ್ ನೋಡಿದರೆ ಬಹಳಷ್ಟು ಕಡೆ ಒಂದೇ ಕಾರಣ: ಬೇರಿನ ತುದಿ ಬಂದಿಲ್ಲ. ಯಾಕೆ ಅಂದರೆ ಸೆನ್ಸರನ್ನು ಬಾಯಲ್ಲಿ ಸರಿಯಾಗಿ ಹಿಡಿದಿಡುವ ಹೋಲ್ಡರ್ ಇಲ್ಲದೆ ತೆಗೆದದ್ದು. ಯಾಕೆ ಹೋಲ್ಡರ್ ಇಲ್ಲ? ನಮ್ಮಲ್ಲಿದ್ದದ್ದು ಒಂದೇ ಸೆಟ್ಟು. ಮುಂದಿನ ಹಲ್ಲಿಗೆ ನೀಲಿ, ದವಡೆ ಹಲ್ಲಿಗೆ ಹಳದಿ. ಒಬ್ಬರಿಗೆ ಬಳಸಿದ ಮೇಲೆ ಅದು ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿಗೆ ಹೋಗಬೇಕು, ಹೊರಗೆ ಬರುವ ತನಕ ಮುಂದಿನವರು ತಮ್ಮ ಬೆರಳಲ್ಲೇ ಸೆನ್ಸರ್ ಒತ್ತಿ ಹಿಡಿಯಬೇಕಿತ್ತು. ವಯಸ್ಸಾದವರ ಕೈ ನಡುಗುತ್ತದೆ, ಜಾರುತ್ತದೆ, ಅಲ್ವಾ. ಮೇಡಂ ಇನ್ನೆರಡು ಸೆಟ್ ತರಿಸಿದರು. ಇಷ್ಟು ವರ್ಷ ಯಾರೂ ಇದನ್ನು ಯಾಕೆ ಕೇಳಲಿಲ್ಲ ಅಂತ ಈಗಲೂ ಬೇಸರವಾಗುತ್ತದೆ.

ಆದರೆ ಎಲ್ಲಕ್ಕಿಂತ ಜಾಸ್ತಿ ಬದಲಾವಣೆ ತಂದದ್ದು ದುಡ್ಡು ಖರ್ಚಿಲ್ಲದ ಒಂದು ಕೆಲಸ. ನಾವು ಮಾಡುತ್ತಿದ್ದ ಕ್ರಮ ಹೀಗಿತ್ತು: ಮೊದಲು ಸೆನ್ಸರ್ ಬಾಯಿಗೆ, ಆಮೇಲೆ ಮೆಷಿನ್ ಎಳೆದು ಅದರ ಕೋನ್, ಅಂದರೆ ಕಿರಣ ಬರುವ ಕೊಳವೆ, ಕೆನ್ನೆಗೆ ಹೊಂದಿಸುವುದು, ಆಮೇಲೆ ಕಂಪ್ಯೂಟರಿನಲ್ಲಿ ಹೆಸರು ಹುಡುಕುವುದು, ಯಾವ ಹಲ್ಲು ಅಂತ ಒತ್ತುವುದು, ಕೊನೆಗೆ ಹೊರಗೆ ಹೋಗಿ ಬಟನ್. ಇಷ್ಟೂ ಹೊತ್ತು ಅವರ ಬಾಯಲ್ಲಿ ಸೆನ್ಸರ್ ಇರುತ್ತಿತ್ತು, ಜೊಲ್ಲು ಇಳಿಯುತ್ತಿತ್ತು, ನಾನು ಒಂದು ಕೈಯಲ್ಲಿ ವೈರ್ ಹಿಡಿದು ಇನ್ನೊಂದು ಕೈ ಮೌಸಿಗೆ ಚಾಚಿ ಕುತ್ತಿಗೆ ತಿರುಗಿಸಿ ನಿಲ್ಲುತ್ತಿದ್ದೆ. ನನ್ನ ಭುಜದ ನೋವಿಗೂ ಅವರ ವಾಕರಿಕೆಗೂ ಕಾರಣ ಅದೊಂದೇ ನಿಮಿಷ.

ಈಗ ತಿರುಗುಮುರುಗು ಮಾಡಿದ್ದೇವೆ. ಅವರು ಕೂರುವ ಮೊದಲೇ ಹೆಸರು ಹಾಕಿ, ಹಲ್ಲು ಆರಿಸಿ, ಟೈಮ್ ಇಟ್ಟು, ಸೆನ್ಸರಿಗೆ ಹೊಸ ಪ್ಲಾಸ್ಟಿಕ್ ಕವರ್ ಹಾಕಿಡುವುದು. ಕೂತ ಮೇಲೆ ಕಿರಣ ತಡೆಯುವ ಏಪ್ರನ್ ಹೊದಿಸಿ, ಕೋನನ್ನು ಹೆಚ್ಚುಕಡಿಮೆ ಆ ಹಲ್ಲಿನ ಹತ್ತಿರ ತಂದು ನಿಲ್ಲಿಸುವುದು. ಎಲ್ಲಾ ತಯಾರಾದ ಮೇಲೆ ಸೆನ್ಸರ್ ಬಾಯಿಗೆ. ಕೋನ್ ಒಂಚೂರು ಸರಿಪಡಿಸಿ ಹೊರಗೆ ಬಂದು ಬಟನ್. ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ. ಕಂಪ್ಯೂಟರ್ ಪರದೆಯನ್ನೂ ಎದುರಿನ ಗೋಡೆಗೆ ತಂದೆವು, ಕುತ್ತಿಗೆ ತಿರುಗಿಸುವ ಕೆಲಸ ಇಲ್ಲ. ಕಂಪ್ಯೂಟರಿಗೆ ಮಾತ್ರ ಒಂದು ಸಣ್ಣ ಯುಪಿಎಸ್ ಹಾಕಿಸಿದರು. ಇಲ್ಲಿಯ ಮಳೆಗಾಲದಲ್ಲಿ ಅದು ಬೇಕೇ ಬೇಕು.

ಇನ್ನೊಂದು: ನಮಗೆ ಎರಡು ಚೇರ್, ಮೆಷಿನ್ ಒಂದೇ. ರೂಟ್ ಕೆನಾಲ್ ಮಧ್ಯೆ ಹಲ್ಲಿನೊಳಗೆ ಫೈಲ್ ಅನ್ನುವ ಸೂಜಿಯಂಥ ಉಪಕರಣ ಇಟ್ಟುಕೊಂಡೇ ಜನ ಎದ್ದು ಆ ಚೇರಿಗೆ ನಡೆಯಬೇಕಾಗುತ್ತಿತ್ತು. ಈಗ ರೂಟ್ ಕೆನಾಲ್ ಎಲ್ಲ ಮೆಷಿನ್ ಇರುವ ಚೇರಿಗೇ ಬರೆದುಕೊಳ್ಳುತ್ತೇವೆ.

ವಾಕರಿಕೆ ಬಗ್ಗೆ ನನ್ನ ಅನುಭವ. "ವಾಕರಿಕೆ ಬರುತ್ತದಾ?" ಅಂತ ಮೊದಲೇ ಕೇಳಬೇಡಿ, ಕೇಳಿದರೆ ಬರುತ್ತದೆ. ಮುಂದಿನ ಹಲ್ಲಿನಿಂದ ಶುರುಮಾಡಿ ಹಿಂದಕ್ಕೆ ಹೋಗಿ. ಮೂಗಿನಿಂದ ಉಸಿರಾಡಿ ಅನ್ನಿ, ಒಂದು ಕಾಲು ಸ್ವಲ್ಪ ಎತ್ತಿ ಹಿಡಿಯಿರಿ ಅನ್ನಿ. ಗಮನ ಕಾಲಿಗೆ ಹೋಗುತ್ತದೆ. ನಾಲಿಗೆ ತುದಿಗೆ ಚಿಟಿಕೆ ಉಪ್ಪು ಹಾಕಿದರೂ ಕೆಲವರಿಗೆ ಆಗುತ್ತದೆ. ಯಾವುದೂ ಆಗದಿದ್ದರೆ ಮೇಡಂ ಜೋಮು ಹಿಡಿಸುವ ಸ್ಪ್ರೇ ಹಾಕುತ್ತಾರೆ.

ನಮ್ಮ ಕಡೆಗೆ ವಿಶೇಷವಾದ ಕಷ್ಟ ಒಂದಿದೆ. ಅಡಿಕೆ ಊರು ನಮ್ಮದು. ಕವಳ ಹಾಕುವವರು, ಗುಟ್ಕಾ ತಿನ್ನುವವರು ಬಹಳ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆಲವರಿಗೆ ಕೆನ್ನೆಯ ಒಳಭಾಗ ಬಿಗಿದು ನಾರಿನಂತಾಗುತ್ತದೆ, ಬಾಯಿ ಎರಡು ಬೆರಳಿನಷ್ಟೂ ತೆರೆಯುವುದಿಲ್ಲ. ಅಂಥವರ ಬಾಯಿಗೆ ಸೆನ್ಸರ್ ತುರುಕಲು ಹೋಗಿ ನಾನು ನೋವು ಕೊಟ್ಟಿದ್ದೇನೆ. ಈಗ ಮೊದಲು ಬಾಯಿ ಎಷ್ಟು ತೆರೆಯುತ್ತದೆ ನೋಡುತ್ತೇನೆ. ಆಗದಿದ್ದರೆ ಪ್ರಯತ್ನವನ್ನೇ ಮಾಡುವುದಿಲ್ಲ. ಮೇಡಂ ಓಪಿಜಿಗೆ, ಅಂದರೆ ಇಡೀ ದವಡೆಯ ಎಕ್ಸ್‌ರೇಗೆ, ಬರೆದುಕೊಡುತ್ತಾರೆ, ಅದರಲ್ಲಿ ಬಾಯೊಳಗೆ ಫಿಲ್ಮ್, ಸೆನ್ಸರ್ ಏನೂ ಇಡುವುದಿಲ್ಲ, ಮೆಷಿನ್ ತಲೆಯ ಸುತ್ತ ತಿರುಗುತ್ತದೆ. ಬಾಯಿ ಬಿಗಿದದ್ದಕ್ಕೆ ಬೇರೆ ಚಿಕಿತ್ಸೆ ಬೇಕು, ಅದು ಕ್ಯಾನ್ಸರಿಗೆ ತಿರುಗಬಹುದು ಅನ್ನುವುದನ್ನೂ ಅಲ್ಲೇ ಕೂತು ಹೇಳುತ್ತಾರೆ.

ನಮ್ಮ ಸುರಕ್ಷತೆ ಮಾತಿಗೆ ಬರುತ್ತೇನೆ. ಫಿಲ್ಮ್ ಕಾಲದಲ್ಲಿ ಅಳುವ ಮಕ್ಕಳ ಬಾಯಲ್ಲಿ ನಾನೇ ಬೆರಳಿಟ್ಟು ಹಿಡಿದಿದ್ದೇನೆ. ತಪ್ಪು ಅಂತ ಯಾರೂ ಹೇಳಿರಲಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸಿನ ದಂತವೈದ್ಯ ಎಡ್ಮಂಡ್ ಕೆಲ್ಸ್ ಕಥೆಯನ್ನು ಮೇಡಂ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ಎಕ್ಸ್‌ರೇ ಕಂಡುಹಿಡಿದ ಹೊಸದರಲ್ಲಿ, 1896ರ ಹೊತ್ತಿಗೇ ಅವರು ಹಲ್ಲಿಗೆ ಬಳಸಲು ಶುರುಮಾಡಿದ್ದರು. ಮೆಷಿನ್ ಹೊಂದಿಸಲು ತನ್ನ ಕೈಯನ್ನೇ ಕಿರಣಕ್ಕೆ ಒಡ್ಡುತ್ತಿದ್ದರು. ಬೆರಳುಗಳು ಒಂದೊಂದಾಗಿ ಹೋದವು, ಆಮೇಲೆ ಕೈಯೇ ಹೋಯಿತು. ಈಗ ನಮ್ಮಲ್ಲಿ ಯಾರೂ ಹಿಡಿಯುವುದಿಲ್ಲ. ಮಗುವಾದರೆ ಅಪ್ಪನೋ ಅಮ್ಮನೋ ಏಪ್ರನ್ ಹಾಕಿಕೊಂಡು ಹಿಡಿಯುತ್ತಾರೆ. ನಾವು ಗೋಡೆಯ ಹಿಂದೆ. ಗೋಡೆ ಇಲ್ಲದ ಕಡೆ ಕೆಲಸ ಮಾಡುವವರು ಕಡಿಮೆ ಅಂದರೂ 6 ಅಡಿ ದೂರ, ಕಿರಣ ಹೋಗುವ ದಾರಿ ಬಿಟ್ಟು ಓರೆಗೆ ನಿಲ್ಲಬೇಕು.

ನಮ್ಮಲ್ಲಿ ಒಬ್ಬಳು ಬಸುರಿಯಾದಾಗ ತುಂಬಾ ಹೆದರಿದ್ದಳು, ಅತ್ತೆ ಕೆಲಸ ಬಿಡು ಅಂದಿದ್ದರಂತೆ. ಸುಮ್ನೆ "ಏನಾಗಲ್ಲ" ಅಂತ ಸಮಾಧಾನ ಹೇಳಿದರೆ ಭಯ ಹೋಗುವುದಿಲ್ಲ. ಮೇಡಂ ಲೆಕ್ಕ ತೋರಿಸಿದರು. ನಮ್ಮ ದೇಶದಲ್ಲಿ ಎಇಆರ್‌ಬಿ (ಅಣುಶಕ್ತಿ ನಿಯಂತ್ರಣ ಮಂಡಳಿ) ನಿಯಮದಂತೆ ಕಿರಣದ ಕೆಲಸದವರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗುವ ಕಿರಣದ ಅಳತೆ) ಮಿತಿ, ಹೊಟ್ಟೆಯ ಮಗುವಿಗೆ 1. ಬಾಯೊಳಗಿನ ಒಂದು ಎಕ್ಸ್‌ರೇಯಿಂದ ಕೂತವರಿಗೇ ಸಿಗುವುದು ಕೆಲವೇ ಮೈಕ್ರೋಸೀವರ್ಟ್, ಅಂದರೆ ಮಿಲಿಯ ಸಾವಿರದಲ್ಲಿ ಕೆಲವು ಪಾಲು. ಮಣ್ಣು, ಕಲ್ಲು, ಆಕಾಶದಿಂದ ಎಲ್ಲರಿಗೂ ದಿನಾ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ. ಗೋಡೆ ಹಿಂದೆ ನಿಂತವಳಿಗೆ ಇನ್ನೂ ಕಡಿಮೆ. ಇಷ್ಟು ಹೇಳಿದ ಮೇಲೂ ಅವಳನ್ನು ಎಕ್ಸ್‌ರೇ ಕೆಲಸದಿಂದ ಬಿಡಿಸಿ ಅಪಾಯಿಂಟ್‌ಮೆಂಟ್ ನೋಡಿಕೊಳ್ಳಲು ಹೇಳಿದರು. ಅವಳು ಕೇಳಿದ್ದಳು ಅನ್ನುವುದೇ ಕಾರಣ. ಅದು ನನಗೆ ತುಂಬಾ ಹಿಡಿಸಿತು.

ಆ ಅಜ್ಜಿ ರೂಟ್ ಕೆನಾಲಿಗೆ ಮತ್ತೆ ಬಂದರು. ಹೆದರಿಯೇ ಬಂದಿದ್ದರು, ಸೆರಗಿನ ತುದಿ ಗಟ್ಟಿ ಹಿಡಿದಿದ್ದರು. ಒಂದೇ ಸಲಕ್ಕೆ ಬಂತು. ಅವರಿನ್ನೂ ಕಾಲು ಎತ್ತಿಕೊಂಡೇ ಕೂತಿದ್ದರು, ಮುಗಿಯಿತು ಅಂತ ನಾನೇ ಹೇಳಬೇಕಾಯಿತು.

ನೋಟ್‌ಬುಕ್ ಈಗಲೂ ಅಲ್ಲೇ ನೇತಾಡುತ್ತಿದೆ. ಈಚೆಗೆ ಬರೆದ ಸಾಲುಗಳು ಹೆಚ್ಚಿನವು ಮಕ್ಕಳದ್ದು. ನಮ್ಮಲ್ಲಿರುವುದು ದೊಡ್ಡವರ ಸೆನ್ಸರ್, ಆರೇಳು ವರ್ಷದ ಬಾಯಿಗೆ ಅದು ಹಿಡಿಸುವುದಿಲ್ಲ. ಸಣ್ಣ ಸೆನ್ಸರಿನ ಬೆಲೆ ಜಾಸ್ತಿ ಅಂತ ಮುಂದೆ ಹೋಗುತ್ತಾ ಇದೆ. ಬೇಸಿಗೆ ರಜೆಯಲ್ಲಿ ಮಕ್ಕಳು ಬರುವುದೇ ಹೆಚ್ಚು, ಅದಕ್ಕೆ ಮೊದಲು ಬರಲಿ ಅಂತ ಪ್ರತಿ ಸೋಮವಾರ ಆ ಪುಟ ತೆರೆದು ಮೇಡಂ ಟೇಬಲ್ ಮೇಲೆ ಇಡುತ್ತಿದ್ದೇನೆ.